ಬಂಡೆಗಳ ನಡುವೆ ಬಿಡಾರ: ಮಕ್ಕಳನ್ನು ಕಳುಹಿಸುವ ಮುನ್ನ



ಕ್ರಿಸ್ಮಸ್ ರಜೆ ಮುಗಿದು, ಚಳಿ ಇನ್ನೂ ಪೂರ್ತಿ ಬಿಡದ ಜನವರಿಯ ಯಾವುದೋ ಒಂದು ಸಂಜೆ ನಿಮ್ಮ ಮಗನೋ ಮಗಳೋ ಒಂದು ಚೀಟಿ ಹಿಡಿದು ಅಡಿಗೆಮನೆಗೆ ಬರುವುದುಂಟು. "ಅಮ್ಮಾ, ಇಲ್ಲೊಂದು ಸೈನ್ ಹಾಕಮ್ಮ." ನೀವು ಕೈ ಒರೆಸಿಕೊಂಡು ಓದುತ್ತೀರಿ. ಯುವಜನರ ಕೂಟದಿಂದ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಪ್ರವಾಸ, ಎರಡು ಹಗಲು, ಒಂದು ರಾತ್ರಿ, ಇಷ್ಟು ಹಣ, ತರಬೇಕಾದ ವಸ್ತುಗಳು: ಶೂ, ಟಾರ್ಚು, ನೀರಿನ ಬಾಟಲಿ, ಹೊದಿಕೆ.

ನೀವು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಜೊತೆಗೆ ದೊಡ್ಡವರು ಯಾರು ಬರುತ್ತಾರೆ? ಹೆಣ್ಣುಮಕ್ಕಳು ಎಲ್ಲಿ ಮಲಗುತ್ತಾರೆ? ವಾಪಸ್ ಬರುವುದು ಎಷ್ಟು ಹೊತ್ತಿಗೆ? ಮೂರೂ ಒಳ್ಳೆಯ ಪ್ರಶ್ನೆಗಳೇ, ಕೇಳಲೇಬೇಕು. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬ ತಾಯಿಯಾಗಲಿ ತಂದೆಯಾಗಲಿ ಕೇಳದ ಇನ್ನೊಂದು ಪ್ರಶ್ನೆ ಇದೆ: ಬೆಟ್ಟದಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು? ನಾನೂ ಅದನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಜಾಗ ಎಂಥದು ಎಂಬುದು ನಿಮಗೆ ತಿಳಿದಿರಬೇಕು.

ನಮ್ಮ ದಂಡು ಪ್ರದೇಶದವರಿಗೆ ಅಂತರಗಂಗೆ ದೂರದ ಊರಲ್ಲ. ಶಿವಾಜಿನಗರದಿಂದ ನಸುಕಿನಲ್ಲಿ ಬಸ್ಸು ಹೊರಟರೆ ಹಲಸೂರು, ಇಂದಿರಾನಗರದ ಅಂಚು, ಬೆನ್ನಿಗಾನಹಳ್ಳಿ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ, ಮುಂದೆ ಹೊಸಕೋಟೆ. ಒಂದೇ ರಸ್ತೆ, ಹಳೇ ಮದ್ರಾಸ್ ರಸ್ತೆ. ಕೆ.ಆರ್. ಪುರ ದಾಟುವುದರಲ್ಲೇ ಅರ್ಧ ಪ್ರಯಾಣದ ಸಮಯ ಕಳೆದುಹೋಗುತ್ತದೆ ಎಂಬುದನ್ನು ಆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್. ಊರಿಗೆ ತಾಗಿಕೊಂಡೇ ಶತಶೃಂಗ ಬೆಟ್ಟಸಾಲು; ಅದರಲ್ಲೊಂದು ಅಂತರಗಂಗೆ. ದೂರದಿಂದ ನೋಡಿದರೆ ಯಾರೋ ಲಾರಿಗಟ್ಟಲೆ ಗುಂಡುಕಲ್ಲು ತಂದು ಸುರಿದು ಹೋದಂತೆ ಕಾಣುತ್ತದೆ. ಒಂದರ ಮೇಲೊಂದು ಒರಗಿ ನಿಂತ ಬಂಡೆಗಳು, ಅವುಗಳ ನಡುವೆ ನುಸುಳಿ ಹೋಗುವಂಥ ಸಂದುಗಳು, ಗವಿಗಳು. ಮಕ್ಕಳಿಗೆ ಬೇಕಾದದ್ದೇ ಆ ಸಂದುಗಳು.

ಕಲ್ಲಿನ ಕಥೆ

ಆ ಬಂಡೆಗಳು ಯಾರೂ ಸುರಿದದ್ದಲ್ಲ, ಉರುಳಿ ಬಂದದ್ದೂ ಅಲ್ಲ. ಅಲ್ಲೇ ಇದ್ದು ದುಂಡಗಾದವು. ಹೊರಡುವ ಮೊದಲಿನ ಭಾನುವಾರ ಮಕ್ಕಳಿಗೆ ಇದನ್ನು ವಿವರಿಸಿ. ಒಂದು ಹಿಡಿ ಕಲ್ಲುಸಕ್ಕರೆ ಸಾಕು. ಚೌಕಾಕಾರದ ಹರಳನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತಿನ ನಂತರ ತೆಗೆದು ನೋಡಲಿ: ಮೂಲೆಗಳು ಮೊದಲು ಕರಗಿ ಹರಳು ಗುಂಡಗಾಗಿರುತ್ತದೆ. ಬೆಟ್ಟದಲ್ಲೂ ಆದದ್ದು ಅದೇ. ನೆಲದಾಳದಲ್ಲಿ ಗಟ್ಟಿಯಾದ ಕಲ್ಲು ಮೇಲಿನ ಭಾರ ಕಳೆದುಕೊಂಡಾಗ ಅಡ್ಡ, ಉದ್ದ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಮಳೆನೀರು ಇಳಿಯುತ್ತದೆ. ಕಲ್ಲಿನೊಳಗಿನ ಕೆಲವು ಖನಿಜಗಳು ನೀರು ತಾಗಿ ಜೇಡಿಯಾಗುತ್ತವೆ. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅದು ಬೇಗ ಸವೆಯುತ್ತದೆ. ನಡುವಿನ ಗಟ್ಟಿ ತಿರುಳು ಉಳಿಯುತ್ತದೆ. ಎಷ್ಟೋ ಕಾಲದ ಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಆ ತಿರುಳುಗಳು ಒಂದರ ಮೇಲೊಂದು ಕೂತಂತೆ ಕಾಣಿಸಿಕೊಳ್ಳುತ್ತವೆ. ರಾಮನಗರದಲ್ಲೂ ಹಂಪಿಯಲ್ಲೂ ಇದೇ ಕಥೆ.

ಕೋಲಾರದ ಸುತ್ತಲಿನ ಈ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನಂಬದ ಮಕ್ಕಳಿದ್ದರೆ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಕೆಂಪೇಗೌಡರ ಗೋಪುರ ನಿಂತಿರುವ ಹಾಸುಬಂಡೆಯ ಬಳಿ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಫಲಕವನ್ನೇ ಹಾಕಿದ್ದಾರೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾಗಿದೆ. ನಾವು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತೇವೆ!

ನಮ್ಮ ಕಡೆಯಿಂದ ಪವಿತ್ರನಾಡಿನ ಯಾತ್ರೆಗೆ ಹೋಗಿ ಬಂದವರು ಈಗ ಹಲವರಿದ್ದಾರೆ. ಜೋರ್ಡಾನಿನಿಂದ ಬಸ್ಸಿನಲ್ಲೇ ಗಡಿಗಳನ್ನು ದಾಟುತ್ತಾ ಸಿನಾಯ್ ಮರುಭೂಮಿಯವರೆಗೆ ಹೋಗುವ ಗುಂಪುಗಳುಂಟು. ದಾರಿಯಲ್ಲಿ ವಾದಿ ರಮ್ ಎಂಬ ಕಣಿವೆ; ಕೆಂಪು ಮರಳು, ಅದರೊಳಗಿನಿಂದ ಗೋಡೆಯಂತೆ ಎದ್ದ ಬಂಡೆಗಳು, ಅವುಗಳ ಬುಡದಲ್ಲಿ ಬೆದೂಯಿನ್ ಜನರ ಡೇರೆಗಳು. 2011ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಿನಾಯ್‌ನಲ್ಲಿ 2,285 ಮೀಟರ್ ಎತ್ತರದ ಮೋಶೆಯ ಬೆಟ್ಟ. ಅದರ ಬುಡದಲ್ಲಿ ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಸಂತ ಕ್ಯಾಥರೀನಳ ಮಠ. ಸಿನಾಯ್‌ನ ಆ ಬೆಟ್ಟಗಳೂ ನಮ್ಮ ಬೆಟ್ಟಗಳಂತೆ ಗ್ರಾನೈಟ್ ಜಾತಿಯ ಕಲ್ಲೇ, ಆದರೆ ವಯಸ್ಸು ಸುಮಾರು 60 ಕೋಟಿ ವರ್ಷ ಮಾತ್ರ. ಕೋಲಾರದ ಕಲ್ಲಿನ ಮುಂದೆ ಮೊಮ್ಮಗು.

ಕೋಲಾರ ಮರುಭೂಮಿಯಲ್ಲ, ನಿಜ. ಸಿನಾಯ್‌ನಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದು; ಕೋಲಾರದಲ್ಲಿ ಅದರ ಏಳು ಪಟ್ಟಾದರೂ ಬೀಳುತ್ತದೆ. ಆದರೂ ವರ್ಷವಿಡೀ ಹರಿಯುವ ನದಿ ಆ ಜಿಲ್ಲೆಯಲ್ಲಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಲ್ಲಿ ಹೊಸ ಮಾತಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆ ಬಂಡೆಯ ನೆತ್ತಿಯ ಮೇಲೆ ನಿಂತವರಿಗೆ ಅದು ಮರುಭೂಮಿಯೇ. ನೆರಳಿಲ್ಲ, ಕಾಲ ಕೆಳಗಿನ ಕಲ್ಲು ಕಾದ ಕಾವಲಿ. ಅದೇ ಬಯಲಿನಲ್ಲಿ ರಾತ್ರಿ ಎರಡು ಗಂಟೆಗೆ ಹೊದಿಕೆ ಸಾಲದು. ಕಲ್ಲು ಹಗಲಿನ ಬಿಸಿಯನ್ನು ಸಂಜೆಯವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ನಂಬಿ ಮಕ್ಕಳು ಸ್ವೆಟರನ್ನು ಬ್ಯಾಗಿನ ತಳದಲ್ಲಿ ಬಿಟ್ಟಿರುತ್ತಾರೆ.

ಅಂಥ ಬೆಟ್ಟದಿಂದ ನೀರು ಬರುತ್ತದೆ ಎಂಬುದೇ ಅಂತರಗಂಗೆಯ ಸೋಜಿಗ. ಮೆಟ್ಟಿಲು ಹತ್ತಿ ಹೋದರೆ ಕಾಶಿ ವಿಶ್ವೇಶ್ವರ ದೇವಾಲಯ. ಅಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಕಲ್ಯಾಣಿಗೆ ಬೀಳುತ್ತದೆ. ಗಟ್ಟಿ ಗ್ರಾನೈಟ್ ನೀರು ಕುಡಿಯುವುದಿಲ್ಲ. ಮಳೆನೀರು ಬಿರುಕುಗಳಲ್ಲಿ, ಬಂಡೆಗಳ ನಡುವಿನ ಮಣ್ಣಿನಲ್ಲಿ ಇಳಿದು, ನಿಧಾನವಾಗಿ ನಡೆದು, ಎಲ್ಲೋ ದಾರಿ ಸಿಕ್ಕಲ್ಲಿ ಹೊರಗೆ ಬರುತ್ತದೆ. ವಾದಿ ರಮ್‌ನಲ್ಲಿ ಮೇಲಿನದು ನೀರು ಹೀರುವ ಮರಳುಗಲ್ಲು, ಕೆಳಗಿನದು ನೀರು ಬಿಡದ ಗ್ರಾನೈಟ್. ಎರಡೂ ಕೂಡುವ ಗೆರೆಯಲ್ಲಿ ಚಿಲುಮೆಗಳು ಹುಟ್ಟುತ್ತವೆ, ಡೇರೆಗಳೂ ಅವುಗಳನ್ನು ಅನುಸರಿಸಿಯೇ ಏಳುತ್ತಿದ್ದವು. ಅಂತರಗಂಗೆ ನಮ್ಮ ಹಿಂದೂ ಸಹೋದರರ ಪೂಜಾಸ್ಥಳ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ, ಕಲ್ಯಾಣಿಯಲ್ಲಿ ಸೋಪು ಕೂಡದು. ನಮ್ಮ ಗುಡಿಯ ಮುಂದೆ ಯಾರಾದರೂ ಕೂಗಾಡಿದರೆ ನಮಗೆ ಹೇಗನಿಸುತ್ತದೆ? ಇನ್ನು ಅಲ್ಲಿಯ ಕೋತಿಗಳು. ಬಿಸ್ಕತ್ ಪೊಟ್ಟಣ ಕೈಯಲ್ಲಿ ಹಿಡಿದು ಹೋದವರು ಬರಿಗೈಯಲ್ಲಿ ಬರುತ್ತಾರೆ, ಅಷ್ಟೇ.

ಪಾಳೆಯದ ಕಟ್ಟಳೆ

ಬಂಡೆಯಿಂದ ನೀರು ಎಂದಾಗ ನಿಮಗೆ ವಿಮೋಚನಾಕಾಂಡದ 17ನೆಯ ಅಧ್ಯಾಯ ನೆನಪಾಗಿರಬೇಕು. ರೆಫೀದೀಮಿನಲ್ಲಿ ಬೀಡುಬಿಟ್ಟ ಜನರು ನೀರಿಲ್ಲದೆ ಜಗಳವಾಡಿದರು, ಮೋಶೆ ಬಂಡೆಯನ್ನು ಹೊಡೆದನು, ನೀರು ಬಂತು. ಧರ್ಮೋಪದೇಶದ ತರಗತಿಯಲ್ಲಿ ನಾವು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತೇವೆ. ಅದೇ ಅಧ್ಯಾಯದ ಉತ್ತರಾರ್ಧದಲ್ಲಿ, ಅದೇ ಜಾಗದಲ್ಲಿ, ಅಮಾಲೇಕ್ಯರು ಬಂದು ಯುದ್ಧ ಮಾಡುತ್ತಾರೆ. ಮೋಶೆ ಕೈ ಎತ್ತಿ ನಿಂತದ್ದು, ಇಬ್ಬರು ಆ ಕೈಗೆ ಆಸರೆಯಾದದ್ದು ಎಲ್ಲರಿಗೂ ಗೊತ್ತು. ಆದರೆ ಅಮಾಲೇಕ್ಯರು ಯಾರ ಮೇಲೆ ಬಿದ್ದರು ಎಂಬುದನ್ನು ಆ ಅಧ್ಯಾಯ ಹೇಳುವುದಿಲ್ಲ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದ ಕೊನೆಯಲ್ಲಿ ಅದು ಬರುತ್ತದೆ: ದಣಿದು ಬಳಲಿ ಹಿಂದೆ ಉಳಿದವರ ಮೇಲೆ.

ಇದನ್ನು ತಿಳಿದ ಮೇಲೆ ಸಂಖ್ಯಾಕಾಂಡವನ್ನು ಓದಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಎರಡನೆಯ ಅಧ್ಯಾಯದಲ್ಲಿ ಯಾವ ಕುಲ ಯಾವ ದಿಕ್ಕಿನಲ್ಲಿ ಡೇರೆ ಹಾಕಬೇಕು ಎಂಬ ಉದ್ದನೆಯ ಪಟ್ಟಿ ಇದೆ. ಓದುವಾಗ ಆಕಳಿಕೆ ಬರುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಹತ್ತನೆಯ ಅಧ್ಯಾಯದಲ್ಲಿ ಆ ಪಾಳೆಯ ಎದ್ದು ಹೊರಡುತ್ತದೆ. ಮುಂದೆ ಯೂದ ಕುಲದ ದಂಡು. ಎಲ್ಲರಿಗಿಂತ ಹಿಂದೆ ದಾನ್ ಕುಲದ ದಂಡು, ಇಡೀ ಸಮೂಹಕ್ಕೆ ಹಿಂಗಾವಲಾಗಿ. ಹಿಂದೆ ನಡೆಯುವುದನ್ನು ಒಂದು ಹೊಣೆಯಾಗಿ, ಹೆಸರು ಹೇಳಿ ಒಪ್ಪಿಸಲಾಗಿತ್ತು. ಸುಮ್ಮನೆ ಯಾರೋ ಹಿಂದೆ ಬರುತ್ತಾರೆ ಎಂದು ಬಿಟ್ಟಿರಲಿಲ್ಲ.

ನಾವು ಬಿಟ್ಟಿದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ಇಪ್ಪತ್ತೊಂಬತ್ತು ಮಕ್ಕಳು, ಮೂವರು ದೊಡ್ಡವರು. ಬೆಳಿಗ್ಗೆ ಚಿಲುಮೆ, ಮಧ್ಯಾಹ್ನ ಗವಿಗಳು. ಸಂಜೆ ಬೆಟ್ಟದ ಬುಡದಲ್ಲಿ ಪರಿಚಯದವರ ಮಾವಿನ ತೋಪಿನಲ್ಲಿ ಬಿಡಾರ. ನಾಲ್ಕು ಗಂಟೆಗೆ ಇಳಿಯಲು ಶುರುಮಾಡಿದೆವು. ದಾರಿ ಬಲ್ಲ ಸ್ಥಳೀಯರೊಬ್ಬರ ಜೊತೆ ನಾನು ಮುಂದೆ. ಇನ್ನೊಬ್ಬರು ನಡುವೆ. ಮೂರನೆಯವರು ಅಡಿಗೆಯ ಏರ್ಪಾಡಿಗೆಂದು ಮೊದಲೇ ಇಳಿದುಹೋಗಿದ್ದರು. ಹಿಂದೆ ಯಾರೂ ಇಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ದಾರಿಯಲ್ಲಿ ಎರಡು ಸಲ ನಿಂತು, "ಎಲ್ಲರೂ ಬಂದ್ರಾ?" ಎಂದು ಕೂಗಿದೆ. "ಬಂದ್ರೂ!" ಎಂದು ಗುಂಪು ಕೂಗಿತು. ಗುಂಪು ಯಾವಾಗಲೂ ಹಾಗೆಯೇ ಕೂಗುತ್ತದೆ. ಬಾರದೆ ಇರುವವನು ಬಂದಿಲ್ಲ ಎಂದು ಕೂಗುವುದು ಹೇಗೆ?

ತೋಪಿನಲ್ಲಿ ಎಣಿಸಿದಾಗ ಇಪ್ಪತ್ತೆಂಟು. ಮತ್ತೆ ಎಣಿಸಿದೆವು. ಇಪ್ಪತ್ತೆಂಟು.

ಜನವರಿಯಲ್ಲಿ ಆರೂವರೆಗೆಲ್ಲ ಕತ್ತಲು. ಬಂಡೆಗಳ ನಡುವೆ ಕೂಗಿದರೆ ದನಿ ಒಂದು ಕಡೆ ಹೊಡೆದು ಇನ್ನೊಂದು ಕಡೆಯಿಂದ ಬರುತ್ತದೆ. ಉತ್ತರ ಬಂದರೂ ಎಲ್ಲಿಂದ ಎಂದು ತಿಳಿಯದು. ನಮಗೆ ಉತ್ತರವೂ ಬರಲಿಲ್ಲ. ದಾರಿ ಬಲ್ಲವರೊಂದಿಗೆ ಮತ್ತೆ ಹತ್ತಿದೆ. ಅವರ ಹಿಂದೆ ಓಡುತ್ತಾ ಆ ಹೊತ್ತಿನಲ್ಲಿ ನಾನು ಮಾಡಿದ ಪ್ರಾರ್ಥನೆಗೆ ಕ್ರಮವೂ ಇರಲಿಲ್ಲ, ಮಾತೂ ಇರಲಿಲ್ಲ. ಐವತ್ತು ನಿಮಿಷದ ಮೇಲೆ, ಎರಡು ಬಂಡೆಗಳು ಒರಗಿದ ಒಂದು ಸಂದಿನಲ್ಲಿ ಹುಡುಗ ಸಿಕ್ಕಿದ. ಹದಿಮೂರು ವರ್ಷ. ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಪಕ್ಕದಲ್ಲಿ ಬಿಚ್ಚಿಟ್ಟ ಶೂ.

"ಕೂಗಿದ್ದು ಕೇಳಿಸ್ಲಿಲ್ವೇನೋ?"

"ಕೇಳಿಸ್ತು ಟೀಚರ್."

"ಮತ್ತೆ?"

"ನೀವೊಬ್ರೇ ಬರ್ತೀರೇನೋ ಅಂತ ಕಾಯ್ತಿದ್ದೆ."

ಶೂ ಅವನ ಅಣ್ಣನದು, ಎರಡು ಸೈಜು ದೊಡ್ಡದು. ತುದಿಗೆ ಪೇಪರ್ ತುರುಕಿದ್ದ. ಹಿಮ್ಮಡಿ ಎರಡೂ ಸುಲಿದು ಸಾಕ್ಸು ರಕ್ತಕ್ಕೆ ಅಂಟಿಕೊಂಡಿತ್ತು. ನಡೆಯಲಾಗದೆ ನಿಂತಾಗಲೆಲ್ಲ, ದಾಟಿ ಹೋಗುವವರಿಗೆ "ಫೋಟೋ ತಗೊಂಡು ಬರ್ತೀನಿ" ಎಂದು ಹೇಳುತ್ತಾ ಹಿಂದೆ ಬಿದ್ದಿದ್ದ. ಗೆಳೆಯರೆಲ್ಲ ಬಂದು ಸುತ್ತ ನಿಂತು ಆ ಪೇಪರ್ ತುರುಕಿದ ಶೂ ನೋಡುತ್ತಾರಲ್ಲ ಎಂಬ ಭಯ ಅವನಿಗೆ ಕತ್ತಲೆಯ ಭಯಕ್ಕಿಂತ ದೊಡ್ಡದಾಗಿತ್ತು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅವನ ತಾಯಿ ಕಾದು ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಅವರು ಹೇಳಿದ್ದು ಇಷ್ಟೇ: "ಚೀಟೀಲಿ ಶೂ ಅಂತ ಬರೆದಿತ್ತಲ್ಲ ಮೇಡಂ. ಇಲ್ಲಾ ಅಂದ್ರೆ ಬಿಟ್ಟು ಹೋಗ್ತಾರೆ ಅಂತ ಹಟ ಮಾಡ್ದ. ಹೊಸದು ತರೋಕೆ ಆ ತಿಂಗ್ಳು ಆಗ್ಲಿಲ್ಲ."

ಆ ಚೀಟಿಯನ್ನು ಬರೆದವಳು ನಾನು. 'ಶೂ' ಎಂಬ ಎರಡು ಗೆರೆಯ ಅಕ್ಷರ ಬರೆಯುವಾಗ ನನ್ನ ಕಣ್ಣ ಮುಂದೆ ಯಾವ ಮನೆ ಇತ್ತು? ಖಂಡಿತ ಆ ಮನೆಯಲ್ಲ.

ಅಂದಿನಿಂದ ಚೀಟಿಯಲ್ಲಿ ಶೂ ಎಂದು ಬರೆಯುವುದಿಲ್ಲ. ಎಲ್ಲ ಮಕ್ಕಳ ಕಾಲಿನ ಅಳತೆಯನ್ನೂ ಎರಡು ವಾರ ಮೊದಲೇ ಕೇಳಿ ಬರೆದುಕೊಳ್ಳುತ್ತೇವೆ. ಮಕ್ಕಳ ಕಾಲು ಬೆಳೆದಂತೆ ಗಟ್ಟಿಮುಟ್ಟಾದ ಕ್ಯಾನ್ವಾಸ್ ಶೂಗಳು ಎಷ್ಟು ಮನೆಗಳಲ್ಲಿ ಮಂಚದ ಕೆಳಗೆ ಬಿದ್ದಿರುತ್ತವೆ ಎಂಬುದು ಕೇಳಿದ ಮೇಲೆಯೇ ನಮಗೆ ತಿಳಿದದ್ದು. ಎರಡು ಗೋಣಿಚೀಲ ತುಂಬಿದವು. ಅವನ್ನು ತೊಳೆದು, ಒಣಗಿಸಿ, ಲೇಸು ಹಾಕಿ, ಅಳತೆಯ ಪ್ರಕಾರ ಜೋಡಿಸಿಟ್ಟು, ಹೊರಡುವ ವಾರಕ್ಕೆ ಮೊದಲು ಎಲ್ಲರಿಗೂ ಹಂಚುತ್ತೇವೆ. ಮನೆಯಲ್ಲಿ ಒಳ್ಳೆಯ ಶೂ ಇರುವವರೂ ಬೆಟ್ಟಕ್ಕೆ ಚೀಲದ ಶೂನಲ್ಲೇ ಬರಬೇಕು. ಮೊದಲ ವರ್ಷ ಇದಕ್ಕೆ ಒಂದಿಬ್ಬರು ತಂದೆತಾಯಂದಿರು ಮುಖ ಸಿಂಡರಿಸಿದರು. ಬೇರೆಯವರ ಶೂ ಎಂದರೆ ಹೇಸಿಗೆಯಲ್ಲವೇ ಎಂದರು. ಹೊಸ ಸಾಕ್ಸು ಕೊಡುತ್ತೇವೆ ಎಂದೆವು. ವಾರವಿಡೀ ಅದೇ ಶೂ ಹಾಕಿ ಓಡಾಡಬೇಕು, ಆಗ ಕಚ್ಚುವುದಿದ್ದರೆ ಮನೆಯಲ್ಲೇ ಕಚ್ಚುತ್ತದೆ, ಬದಲಾಯಿಸಬಹುದು.

ಹಿಂದೆ ನಡೆಯಲು ದೊಡ್ಡವರಲ್ಲೇ ಒಬ್ಬರನ್ನು ಹೆಸರು ಹೇಳಿ ನೇಮಿಸುತ್ತೇವೆ. ಅವರ ಬಳಿ ಒಂದು ಸೀಟಿ, ಒಂದು ಟಾರ್ಚು, ಔಷಧಿ ಚೀಲ. ಅವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಫೋಟೋ ತೆಗೆಯುವವನೂ ಇಲ್ಲ, ಶೂ ಲೇಸು ಕಟ್ಟುವವನೂ ಇಲ್ಲ. ಅವರು ಮಗುವಿನ ಕಿವಿಯಲ್ಲಿ ಮೆಲ್ಲಗೆ ಕೇಳುವಂಥವರಾಗಿರಬೇಕು. ಬೇಗ ನಡೆಯೋ ಎಂದು ಗದರುವವರಿಗೆ ಆ ಜಾಗ ಬೇಡ. ಎಣಿಕೆ ಕೂಗಿ ಕೇಳುವುದಲ್ಲ: ಪ್ರತಿ ಮಗುವಿಗೂ ಒಂದು ಸಂಖ್ಯೆ, ನಿಂತಲ್ಲೆಲ್ಲ ಒಂದರಿಂದ ಕೊನೆಯವರೆಗೆ ತಾವೇ ಹೇಳಬೇಕು. ಒಂದು ಸಂಖ್ಯೆ ಬಾರದಿದ್ದರೆ ಆ ಮೌನ ಎಲ್ಲರಿಗೂ ಕೇಳಿಸುತ್ತದೆ.

ಉಳಿದ ಎಚ್ಚರಿಕೆಗಳು

ನೀರಿನ ಲೆಕ್ಕ ಸರಳ. ಕುಡಿಯಲು, ಅಡಿಗೆಗೆ ಸೇರಿ ತಲೆಗೆ ದಿನಕ್ಕೆ ಐದು ಲೀಟರ್. ಮೂವತ್ತೆರಡು ಜನಕ್ಕೆ 160 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಎಂಟು ಕ್ಯಾನು. ಎರಡು ದಿನಕ್ಕೆ ಹದಿನಾರು. ಬೆಟ್ಟಕ್ಕೆ ಹತ್ತುವಾಗ ತಲೆಗೆ ಎರಡು ಲೀಟರ್. ಸಣ್ಣ ಮಕ್ಕಳ ಪಾಲನ್ನು ದೊಡ್ಡ ಹುಡುಗರು ಹೊರಲಿ. ಅಲ್ಲಿ ಕೆರೆ ಕಂಡಿತೆಂದು ಬಾಟಲಿ ತುಂಬಿಕೊಳ್ಳಬೇಡಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ, ಅಂತರ್ಜಲ ಹೆಚ್ಚಲಿ ಎಂದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ಎಂದು ಅದರ ಹೆಸರು. ನಮ್ಮ ಹಲಸೂರು, ದೊಮ್ಮಲೂರಿನ ಚರಂಡಿಗಳು ಇಳಿಯುವುದೂ ಆ ಕಣಿವೆಗೇ. ನಾವು ಪಾತ್ರೆ ತೊಳೆದು ಚೆಲ್ಲಿದ ನೀರು ನಮಗಿಂತ ಮೊದಲೇ ಕೋಲಾರ ತಲುಪಿರುತ್ತದೆ ಎಂದರೆ ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಸ್ವಲ್ಪ ಯೋಚಿಸುವುದೂ ಉಂಟು.

ಬಿಸಿಲಿಗೆ ಬಳಲಿದ ಮಗು ಮೊದಲು ಮಾತು ಕಡಿಮೆ ಮಾಡುತ್ತದೆ. ತಲೆನೋವು, ವಾಕರಿಕೆ, ಕಾಲಿನ ಸೆಳೆತ ಆಮೇಲೆ. ನೆರಳಿಗೆ ಕರೆತಂದು, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಿ. ಚಮಚ ಎಂದರೆ ಟೀ ಚಮಚ. ಮೈ ಸುಡುತ್ತಾ, ಮಗು ಏನೇನೋ ಮಾತಾಡತೊಡಗಿದರೆ ಅದು ಬಳಲಿಕೆಯಲ್ಲ, ಪ್ರಾಣಾಪಾಯ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನು ಮಾಡಿ.

ಹಾವಿನ ಬಗ್ಗೆ ನೀವು ಹೆಚ್ಚು ಹೆದರುತ್ತೀರಿ, ಹೆಜ್ಜೇನಿನ ಬಗ್ಗೆ ಹೆದರುವುದೇ ಇಲ್ಲ. ತಿರುಗಿಸಿ ಹೇಳಬೇಕೆನಿಸುತ್ತದೆ. ಎತ್ತರದ ಬಂಡೆಯ ಚಾಚಿನ ಕೆಳಗೆ ಕಪ್ಪಗೆ ನೇತಾಡುವ ಹುಟ್ಟು ಕಂಡರೆ ಕಲ್ಲೆಸೆಯುವುದು, ಕೇಕೆ ಹಾಕುವುದು, ಹೊಗೆ ಹಾಕುವುದು ಇಲ್ಲ. ಸೆಂಟು ಬಳಿದುಕೊಂಡು ಬರುವುದೂ ಬೇಡ. ಹಾವು ಬಂಡೆಯ ಸಂದಿನಲ್ಲಿರುತ್ತದೆ. ಕಾಣದ ಕಡೆ ಕೈ ಹಾಕದಿದ್ದರೆ, ರಾತ್ರಿ ಟಾರ್ಚಿಲ್ಲದೆ ನಡೆಯದಿದ್ದರೆ ಬಹುಮಟ್ಟಿಗೆ ಅಪಾಯವಿಲ್ಲ. ಕಚ್ಚಿಯೇಬಿಟ್ಟರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಹಿಡಿದು ನೇರ ಆಸ್ಪತ್ರೆಗೆ.

ಗವಿಗಳೊಳಗೆ ಬೆಂಕಿ ಹಾಕಬಾರದು. ಇದಕ್ಕೆ ಕೋಲಾರದಲ್ಲಿ ವಿಶೇಷ ಕಾರಣವಿದೆ. ಎಲೆಮೂಗಿನ ಬಾವಲಿಯ ಒಂದು ಜಾತಿ ಜಗತ್ತಿನಲ್ಲಿ ಆ ಜಿಲ್ಲೆಯಲ್ಲಿ ಮಾತ್ರ ಬದುಕಿದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ವರ್ಣಿಸಿದ್ದು 1994ರಲ್ಲಿ. ಅಂತರಗಂಗೆಯ ಬೆಟ್ಟದ ಮೇಲಿನ ತೇರಹಳ್ಳಿಯ ಗವಿಯಲ್ಲೂ ಅದು ಇತ್ತು, ಅಲ್ಲಿಂದ ಮರೆಯಾಯಿತು. ಹನುಮನಹಳ್ಳಿಯ ಒಂದೇ ಗವಿಯಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆ. ಮಕ್ಕಳು ಒಳಗೆ ಹೋದಾಗ ತಲೆಯ ಮೇಲೆ ಏನೋ ಪಟಪಟ ಎಂದರೆ ಟಾರ್ಚು ಕೆಳಗೆ ಮಾಡಿ ಹಿಂದಕ್ಕೆ ಬರಲಿ. ಮನೆಯವರು ಒಳಗಿದ್ದಾರೆ.

ರಾತ್ರಿ ತಂಗುವುದು ಬೆಟ್ಟದ ಮೇಲಲ್ಲ, ಬುಡದಲ್ಲಿ, ಜಾಗದ ಯಜಮಾನರ ಒಪ್ಪಿಗೆಯಿಂದ. ಅರಣ್ಯ ಇಲಾಖೆಗೆ ಸೇರಿದ ಬೆಟ್ಟದಲ್ಲಿ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಹತ್ತುವುದಕ್ಕೂ ಈಗ ನಿಯಮಗಳಿರುವುದರಿಂದ ಮೊದಲೇ ವಿಚಾರಿಸಿ. ಹೆಣ್ಣುಮಕ್ಕಳಿಗೆ ಬಾಗಿಲು, ಚಿಲಕ, ದೀಪ ಇರುವ ಕೋಣೆ ಸಿಕ್ಕದಿದ್ದರೆ ಆ ಪ್ರವಾಸ ಒಂದು ಹಗಲಿನದಾಗಲಿ. ಶೌಚದ ವಿಷಯ ಬಂದಾಗ ಮಕ್ಕಳು ಕಿಸಕ್ಕೆನ್ನುತ್ತಾರೆ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವನ್ನು ಓದಿಸಿ: ಪಾಳೆಯದ ಹೊರಗೆ ಹೋಗಬೇಕು, ಅಗೆಯಲು ಸಲಕರಣೆ ಒಯ್ಯಬೇಕು, ಮಣ್ಣು ಮುಚ್ಚಿ ಬರಬೇಕು. ಒಂದು ಸಣ್ಣ ಸನಿಕೆ ಕೊಂಡುಕೊಳ್ಳಿ. ಶಿವಾಜಿನಗರದ ರಸಲ್ ಮಾರುಕಟ್ಟೆಯ ಸುತ್ತಮುತ್ತ ಸಿಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಆ ಚೀಟಿ. ಸಹಿ ಹಾಕುವ ಮೊದಲು ಹಿಂಬದಿಗೆ ತಿರುಗಿಸಿ, ನಾಲ್ಕು ಸಾಲು ಬರೆದುಕೊಡಿ. ಮಗುವಿಗೆ ಉಬ್ಬಸವಿದೆಯೇ, ಯಾವ ಔಷಧಿ ಆಗದು. ಕತ್ತಲೆಗೆ ಹೆದರುತ್ತಾನೆಯೇ, ಹದಿನೈದು ವರ್ಷದವನಾದರೂ ಬರೆಯಿರಿ, ನಾವು ಓದಿ ಜೇಬಿನಲ್ಲಿಟ್ಟುಕೊಳ್ಳುತ್ತೇವೆ. ಹಣ ಕೊಡಲು ಈ ತಿಂಗಳು ಕಷ್ಟವಿದ್ದರೆ ಅದನ್ನೂ ಬರೆಯಿರಿ, ಮಗುವಿನ ಕೈಯಲ್ಲಿ ಕೊಡುವ ಮುನ್ನ ಮಡಿಸಿ ಅಂಟಿಸಿ. ಕೊನೆಯ ಸಾಲಿನಲ್ಲಿ ಶೂ ನಂಬರು. ಕಳೆದ ವರ್ಷದ್ದಲ್ಲ, ಈವತ್ತು ಅಳೆದದ್ದು.